ಲಟ್ಟಣಿಗೆ ಮಕ್ಕಳ ಕೈಗೆ ಕೊಡಿ: ಎರಡು ದಿನದಲ್ಲಿ ಕ್ರಿಸ್‌ಮಸ್ ಕುಕೀ

ಕ್ರಿಸ್‌ಮಸ್ ಕುಕೀ ಮಾಡುವಾಗ ಮಕ್ಕಳ ಪಾಲಿಗೆ ಬರುವುದು ಸಾಮಾನ್ಯವಾಗಿ ಕಟ್ಟಕಡೆಯ ಕೆಲಸ. ದೊಡ್ಡವರು ಹಿಟ್ಟು ಕಲೆಸಿ, ಲಟ್ಟಿಸಿ, ಬೇಯಿಸಿ, ಆರಿಸಿಟ್ಟ ಮೇಲೆ ಬಣ್ಣದ ಸಕ್ಕರೆ ಉದುರಿಸಲು ಅವರನ್ನು ಕರೆಯುತ್ತಾರೆ. ಆ ಕೆಲಸ ಐದು ನಿಮಿಷಕ್ಕೆ ಮುಗಿದುಹೋಗುತ್ತದೆ. ಆದರೆ ಮಕ್ಕಳು ಮೈಮರೆತು ಮಾಡುವ ಕೆಲಸಗಳೆಲ್ಲ ಇರುವುದು ಅದಕ್ಕೂ ಮುಂಚೆ: ತಕ್ಕಡಿಯಲ್ಲಿ ಸಕ್ಕರೆ ತೂಗುವುದು, ಮೈದಾ ಜರಡಿ ಹಿಡಿಯುವುದು, ಲಟ್ಟಣಿಗೆ ಉರುಳಿಸುವುದು, ಅಚ್ಚು ಒತ್ತುವುದು. ಇವನ್ನೂ ಅವರಿಂದಲೇ ಮಾಡಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಬೇಕಾದದ್ದು ಚಿಕ್ಕ ಕೈಗಳಿಗೆ ಅಂಟದ ಹಿಟ್ಟು ಮತ್ತು ಎರಡು ದಿನಕ್ಕೆ ಹಂಚಿಕೊಂಡ ಕೆಲಸ. ಇವೆರಡು ಸರಿಯಾದರೆ ಅಡುಗೆಮನೆಯಲ್ಲಿ ಯಾರೂ ಯಾರ ಮೇಲೂ ರೇಗುವ ಪ್ರಸಂಗ ಬರುವುದಿಲ್ಲ.

ಡಿಸೆಂಬರ್‌ನ ಯಾವುದಾದರೂ ಒಂದು ಶನಿವಾರ ಮತ್ತು ಭಾನುವಾರವನ್ನು ಇದಕ್ಕೆ ಮೀಸಲಿಡಿ. ಶನಿವಾರ ಸಂಜೆ ಹಿಟ್ಟು ಕಲೆಸಿ ಲಟ್ಟಿಸಿಡುವುದು, ಭಾನುವಾರ ಬೆಳಿಗ್ಗೆ ಅಚ್ಚು ಒತ್ತಿ ಬೇಯಿಸುವುದು, ಊಟವಾದ ಮೇಲೆ ಅಲಂಕಾರ. ಒಂದೊಂದು ಸರದಿಯೂ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ. ಆರೇಳು ವರ್ಷದ ಮಗುವಿನ ತಾಳ್ಮೆ ಅದಕ್ಕಿಂತ ಹೆಚ್ಚು ಎಳೆಯುವುದಿಲ್ಲ. ಎಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಲು ಹೊರಟರೆ ಬಿಸಿ ಕುಕೀ ಮೇಲೆ ಐಸಿಂಗ್ ಹಾಕಿ ಅದು ಕರಗಿ ಹರಿಯುತ್ತದೆ, ಮಗು ಅಳುತ್ತದೆ.

ಹಿಟ್ಟಿನ ಲೆಕ್ಕ

ಜರ್ಮನಿಯಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅಡ್ವೆಂಟ್ ಕಾಲ ಬಂತೆಂದರೆ ಮನೆಗಳಲ್ಲಿ ಇಂಥ ಅಚ್ಚಿನ ಕುಕೀ ಬೇಯಿಸುವ ಕೆಲಸ ಶುರುವಾಗುತ್ತದೆ. ಅಲ್ಲಿಯ ಅಳತೆ ಮಕ್ಕಳಿಗೂ ನೆನಪಿರುವಂಥದ್ದು: ಒಂದು, ಎರಡು, ಮೂರು. ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ, ಎಲ್ಲವೂ ತೂಕದಲ್ಲಿ. ರುಚಿಗೆ ಅದನ್ನು ಮೀರಿಸುವುದು ಕಷ್ಟ. ಆದರೆ ಅಷ್ಟು ಬೆಣ್ಣೆಯ ಹಿಟ್ಟು ನಮ್ಮ ಹವೆಯಲ್ಲಿ, ಅದರಲ್ಲೂ ಮಂಗಳೂರು ಉಡುಪಿಯ ಸೆಕೆಯಲ್ಲಿ, ಮಕ್ಕಳ ಬೆಚ್ಚಗಿನ ಕೈಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಬೆಣ್ಣೆ ಸ್ವಲ್ಪ ಇಳಿಸಿ ಹೀಗೆ ತೆಗೆದುಕೊಳ್ಳಿ:

ಮೈದಾ 300 ಗ್ರಾಂ
ಬೆಣ್ಣೆ 150 ಗ್ರಾಂ
ಪುಡಿ ಮಾಡಿದ ಸಕ್ಕರೆ 120 ಗ್ರಾಂ
ಮೊಟ್ಟೆ 1 (ಬೇಡವೆಂದರೆ ತಣ್ಣಗಿನ ಹಾಲು 3 ದೊಡ್ಡ ಚಮಚ)
ಏಲಕ್ಕಿ ಪುಡಿ ಅಥವಾ ವೆನಿಲಾ ಅರ್ಧ ಟೀ ಚಮಚ
ಚಿಟಿಕೆ ಉಪ್ಪು

ಅಂಗಡಿಯ ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. 100 ಗ್ರಾಂ ಪೊಟ್ಟಣದ ಒಂದೂವರೆ ಸರಿಯಾಗುತ್ತದೆ. ಇಷ್ಟು ಹಿಟ್ಟಿನಲ್ಲಿ ಆರು ಸೆಂಟಿಮೀಟರ್ ಅಗಲದ 35ರಿಂದ 40 ಕುಕೀ ಬರುತ್ತವೆ. ಬೇಕಿಂಗ್ ಪೌಡರ್ ಹಾಕಬಾರದು. ಅದು ಹಾಕಿದರೆ ಕುಕೀ ಉಬ್ಬಿ ನಕ್ಷತ್ರದ ಮೂಲೆಗಳು ಮೊಂಡಾಗುತ್ತವೆ, ಮಗು ಒತ್ತಿದ ಆಕಾರ ಬೇರೆ, ಓವನ್‌ನಿಂದ ಬಂದ ಆಕಾರ ಬೇರೆ ಆಗುತ್ತದೆ.

ಮೊಟ್ಟೆಯಿಲ್ಲದ ಕುಕೀ ಎಂದರೆ ಎರಡನೇ ದರ್ಜೆ ಎಂದು ಭಾವಿಸಬೇಕಿಲ್ಲ. ನಮ್ಮ ಅಯ್ಯಂಗಾರ್ ಬೇಕರಿಗಳ ಬೆಣ್ಣೆ ಬಿಸ್ಕತ್ತು ಮೊಟ್ಟೆಯ ಹಂಗಿಲ್ಲದೆಯೇ ಹೆಸರು ಮಾಡಿದೆ. ಮೊಟ್ಟೆಯಿಲ್ಲದ್ದು ಸ್ವಲ್ಪ ಹೆಚ್ಚು ಪುಡಿಯಾಗುತ್ತದೆ, ಹಾಗಾಗಿ ಒಂದು ಎಳೆ ದಪ್ಪವಾಗಿ ಲಟ್ಟಿಸಿದರೆ ಸಾಕು.

ಶನಿವಾರ ಸಂಜೆ: ತೂಗುವುದು, ಕಲೆಸುವುದು, ಲಟ್ಟಿಸುವುದು

ಡಿಜಿಟಲ್ ತಕ್ಕಡಿ ಇದ್ದರೆ ಅದನ್ನು ಮಗುವಿನ ಮುಂದಿಡಿ. ಖಾಲಿ ಬಟ್ಟಲಿಟ್ಟು ಸೊನ್ನೆಗೆ ತರುವುದು, 118, 119, 120 ಬರುವ ತನಕ ಚಮಚದ ತುದಿಯಿಂದ ಸಕ್ಕರೆ ಉದುರಿಸುವುದು ಅವರಿಗೆ ಆಟ. ಮೂರು ನಾಲ್ಕು ವರ್ಷದವರಿಗೆ ಜರಡಿ ಕೊಡಿ. ಅಗಲವಾದ ತಟ್ಟೆ ಕೆಳಗಿಟ್ಟು, ಅದರ ಕೆಳಗೆ ದಿನಪತ್ರಿಕೆ ಹಾಸಿದರೆ ಚೆಲ್ಲಿದ ಮೈದಾ ಬಗ್ಗೆ ಚಿಂತೆಯಿಲ್ಲ.

ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳು ಒಳಗೆ ಜಾರಿಹೋಗಬಾರದು. ಬೆಂಗಳೂರಿನ ಡಿಸೆಂಬರ್‌ನಲ್ಲಿ ಫ್ರಿಜ್‌ನಿಂದ ತೆಗೆದ ಬೆಣ್ಣೆಗೆ ಇದಕ್ಕೆ ಸುಮಾರು ಒಂದು ಗಂಟೆ ಬೇಕು. ಕರಾವಳಿಯಲ್ಲಿ ಇಪ್ಪತ್ತು ನಿಮಿಷ ಸಾಕು. ಅವಸರಕ್ಕೆ ಮೈಕ್ರೋವೇವ್‌ನಲ್ಲಿ ಕರಗಿಸಿದ ಬೆಣ್ಣೆಯಿಂದ ಮಾಡಿದ ಹಿಟ್ಟು ಎಣ್ಣೆ ಬಿಡುತ್ತದೆ.

ಬೆಣ್ಣೆ ಮತ್ತು ಸಕ್ಕರೆ ಪುಡಿಯನ್ನು ಮರದ ಸೌಟಿನಿಂದ ಒಂದಾಗುವವರೆಗೆ ಕಲೆಸಿ. ಕೇಕ್‌ಗೆ ಮಾಡುವಂತೆ ನೊರೆ ಬರುವ ತನಕ ಬಡಿಯುವುದು ಬೇಡ, ಒಳಗೆ ಗಾಳಿ ಸೇರಿದಷ್ಟೂ ಕುಕೀ ಹರಡಿಕೊಳ್ಳುತ್ತದೆ. ಮೊಟ್ಟೆ ಅಥವಾ ಹಾಲು, ಏಲಕ್ಕಿ ಸೇರಿಸಿ. ಮೈದಾವನ್ನು ಎರಡು ಕಂತಿನಲ್ಲಿ ಹಾಕಿ, ಮೊದಲು ಸೌಟಿನಿಂದ, ಆಮೇಲೆ ಕೈಯಿಂದ ಒಟ್ಟುಗೂಡಿಸಿ. ಇಲ್ಲಿ ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಚಪಾತಿ ಹಿಟ್ಟು ನಾದುವುದನ್ನು ನೋಡಿದ ಮಕ್ಕಳು ಇದನ್ನೂ ಹಾಗೆಯೇ ನಾದಲು ಹೊರಡುತ್ತಾರೆ. ನಾದಿದಷ್ಟೂ ಮೈದಾದ ಗ್ಲುಟೆನ್, ಅಂದರೆ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್, ಬಿಗಿಯಾಗುತ್ತದೆ. ಚಪಾತಿಗೆ ಅದು ಬೇಕು, ಕುಕೀಗೆ ಬೇಡ. ಬಿಗಿಯಾದ ಹಿಟ್ಟು ಅಚ್ಚು ಒತ್ತಿದ ಮೇಲೆ ಕುಗ್ಗುತ್ತದೆ, ಬೆಂದ ಮೇಲೆ ಹಲ್ಲಿಗೆ ಗಟ್ಟಿಯಾಗುತ್ತದೆ. ಉಂಡೆಯಾಗಿ ಕೂಡಿತೆಂದರೆ ಅಲ್ಲಿಗೆ ಕೈ ತೆಗೆಯುವುದು.

ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳಲು ಮಕ್ಕಳು ಕಾದಿರುತ್ತಾರೆ. ಬಿಡಬೇಡಿ. ಮೊಟ್ಟೆಯಿಲ್ಲದ ಹಿಟ್ಟಾದರೂ ಸರಿಯಲ್ಲ, ಏಕೆಂದರೆ ಬೇಯದ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಚೀಪಲು ಬೇರೆ ಏನಾದರೂ, ಒಂದು ಹಿಡಿ ಒಣದ್ರಾಕ್ಷಿಯನ್ನೋ ಮತ್ತೊಂದನ್ನೋ, ಮೊದಲೇ ತೆಗೆದಿಟ್ಟರೆ ಜಗಳವಿಲ್ಲ.

ಈಗ ಬರುವುದು ಇಡೀ ಕೆಲಸದ ಮರ್ಮ. ಹೆಚ್ಚಿನ ಪಾಕವಿಧಾನಗಳು ಹಿಟ್ಟಿನ ಉಂಡೆಯನ್ನು ಫ್ರಿಜ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಲಟ್ಟಿಸಿ ಎನ್ನುತ್ತವೆ. ಕಲ್ಲಾದ ಆ ಉಂಡೆಯನ್ನು ಲಟ್ಟಿಸಲು ದೊಡ್ಡವರ ತೋಳಿಗೇ ಶ್ರಮ, ಮಗುವಿನಿಂದ ಆಗುವ ಮಾತೇ ಇಲ್ಲ. ಕ್ರಮ ತಿರುಗಿಸಿ: ಮೊದಲು ಲಟ್ಟಿಸಿ, ಆಮೇಲೆ ತಣ್ಣಗಾಗಿಸಿ. ಹಿಟ್ಟನ್ನು ಎರಡು ಪಾಲು ಮಾಡಿ. ಒಂದು ಪಾಲನ್ನು ಎರಡು ಬೇಕಿಂಗ್ ಪೇಪರ್‌ಗಳ ನಡುವೆ ಇಟ್ಟು ಅಂಗೈಯಿಂದ ಚಪ್ಪಟೆ ಮಾಡಿ, ಮಗುವಿನ ಕೈಗೆ ಲಟ್ಟಣಿಗೆ ಕೊಡಿ. ಮೆತ್ತಗಿನ ಹಿಟ್ಟು ಐದು ವರ್ಷದ ಮಗುವಿನ ಶಕ್ತಿಗೂ ಮಣಿಯುತ್ತದೆ. ಕಾಗದದ ನಡುವೆ ಇರುವುದರಿಂದ ಅಂಟುವುದಿಲ್ಲ, ಮೇಲೆ ಮೈದಾ ಉದುರಿಸುವ ಅಗತ್ಯವೂ ಬೀಳುವುದಿಲ್ಲ. ಬೇಕಿಂಗ್ ಪೇಪರ್ ಇಲ್ಲದಿದ್ದರೆ ಹೋಳಿಗೆ ತಟ್ಟಲು ಬಳಸುವ ದಪ್ಪ ಪ್ಲಾಸ್ಟಿಕ್ ಹಾಳೆ ಆಗುತ್ತದೆ. ಒಲೆಗೆ ಹೋಗುವ ಮುನ್ನ ಅದನ್ನು ತೆಗೆಯಬೇಕು ಅಷ್ಟೆ.

ದಪ್ಪ ಐದು ಮಿಲಿಮೀಟರ್ ಇರಲಿ. ಒಂದೆಡೆ ತೆಳು ಒಂದೆಡೆ ದಪ್ಪ ಆಗದಿರಲು ಹಿಟ್ಟಿನ ಎರಡೂ ಬದಿಗೆ ಅಷ್ಟೇ ದಪ್ಪದ ಮರದ ಪಟ್ಟಿ ಇಟ್ಟು, ಲಟ್ಟಣಿಗೆಯ ಎರಡು ತುದಿ ಅವುಗಳ ಮೇಲೆ ಉರುಳುವಂತೆ ಮಾಡಿ. ಮಗು ಎಷ್ಟೇ ಒತ್ತಿದರೂ ಹಿಟ್ಟು ಅದಕ್ಕಿಂತ ತೆಳುವಾಗುವುದಿಲ್ಲ. ಕಾಗದ ಸಮೇತ ಎರಡೂ ಹಾಳೆಗಳನ್ನು ಒಂದರ ಮೇಲೊಂದು ತಟ್ಟೆಯಲ್ಲಿಟ್ಟು ಫ್ರಿಜ್‌ಗೆ ಸೇರಿಸಿ. ಒಂದು ಗಂಟೆ ಸಾಕು, ರಾತ್ರಿಯಿಡೀ ಇದ್ದರೆ ಇನ್ನೂ ಒಳ್ಳೆಯದು. ತಣ್ಣಗಾದ ಬೆಣ್ಣೆ ಗಟ್ಟಿಯಾಗಿ ಆಕಾರ ಹಿಡಿದಿಡುತ್ತದೆ, ಅಷ್ಟು ಹೊತ್ತಿಗೆ ಹಿಟ್ಟಿನ ಬಿಗಿಯೂ ಸಡಿಲುತ್ತದೆ.

ಭಾನುವಾರ ಬೆಳಿಗ್ಗೆ: ಅಚ್ಚು ಮತ್ತು ಒಲೆ

ಓವನ್ ಅಥವಾ ಒಟಿಜಿಯನ್ನು (ಮೇಜಿನ ಮೇಲಿಡುವ ಚಿಕ್ಕ ವಿದ್ಯುತ್ ಓವನ್) ಮೇಲಿನ ಮತ್ತು ಕೆಳಗಿನ ಎರಡೂ ಕಡ್ಡಿ ಉರಿಯುವಂತೆ 170 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಹದಿನೈದು ನಿಮಿಷ ಕಾಯಿಸಿ. ಹಿಟ್ಟಿನ ಹಾಳೆಗಳಲ್ಲಿ ಒಂದನ್ನು ಮಾತ್ರ ಹೊರತೆಗೆಯಿರಿ, ಇನ್ನೊಂದು ಸರದಿ ಬರುವ ತನಕ ಫ್ರಿಜ್‌ನಲ್ಲೇ ಇರಲಿ. ಮೇಲಿನ ಕಾಗದ ಒಮ್ಮೆ ಬಿಡಿಸಿ ಹಾಗೆಯೇ ಮುಚ್ಚಿ, ಮಗುಚಿ ಹಾಕಿ, ಈಗ ಮೇಲೆ ಬಂದ ಕಾಗದವನ್ನು ಪೂರ್ತಿ ತೆಗೆಯಿರಿ. ಹೀಗೆ ಮಾಡಿದರೆ ಕತ್ತರಿಸಿದ ಕುಕೀ ಅಡಿಗೆ ಕಚ್ಚುವುದಿಲ್ಲ.

ನಕ್ಷತ್ರ, ಗಂಟೆ, ಮರ, ದೇವದೂತನ ಅಚ್ಚುಗಳು ಕೇಕ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಇಲ್ಲದಿದ್ದರೆ ಸ್ಟೀಲ್ ಲೋಟದ ಬಾಯಿ ಸಾಕು. ಇನ್ನೂ ಚಂದದ್ದು ಮಗುವಿನದೇ ಅಂಗೈ. ರಟ್ಟಿನ ಮೇಲೆ ಕೈಯಿಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದು ಕತ್ತರಿಸಿ, ಅದನ್ನು ಹಿಟ್ಟಿನ ಮೇಲಿಟ್ಟು ಮೊಂಡು ಚಾಕುವಿನಿಂದ ಸುತ್ತ ಕೊಯ್ದರೆ ಪುಟ್ಟ ಕೈಯೊಂದು ಕುಕೀಯಾಗುತ್ತದೆ. ಅಜ್ಜ ಅಜ್ಜಿಗೆ ಕಳಿಸಲು ಇದಕ್ಕಿಂತ ಒಳ್ಳೆಯದಿಲ್ಲ.

ಅಚ್ಚಿನ ಅಂಚನ್ನು ಮೈದಾದಲ್ಲಿ ಅದ್ದಿ, ನೇರವಾಗಿ ಒತ್ತಿ, ನೇರವಾಗಿಯೇ ಎತ್ತಬೇಕು. ತಿರುಚಿದರೆ ಅಂಚು ಹರಿಯುತ್ತದೆ. ಮಕ್ಕಳು ಹಾಳೆಯ ನಟ್ಟನಡುವೆ ಒತ್ತಿ ಸುತ್ತಲಿನದನ್ನು ವ್ಯರ್ಥ ಮಾಡುತ್ತಾರೆ. ಅಂಚಿನಿಂದ ಶುರುಮಾಡಿ ಒಂದಕ್ಕೊಂದು ತಾಗುವಂತೆ ಒತ್ತಲು ಒಮ್ಮೆ ತೋರಿಸಿಕೊಡಿ. ಅದೊಂದು ಒಗಟು ಬಿಡಿಸುವ ಆಟವೆಂದು ಅವರಿಗೆ ಹೊಳೆದ ಮೇಲೆ ನೀವು ಹೇಳಬೇಕಾದದ್ದೇನೂ ಉಳಿಯುವುದಿಲ್ಲ. ಉಳಿದ ತುಣುಕುಗಳನ್ನು ಸೇರಿಸಿ ಮತ್ತೆ ಕಾಗದದ ನಡುವೆ ಲಟ್ಟಿಸಿ, ಹತ್ತು ನಿಮಿಷ ಫ್ರೀಜರ್‌ನಲ್ಲಿಟ್ಟು ಮತ್ತೆ ಒತ್ತಿ. ಕ್ರಿಸ್‌ಮಸ್ ಮರಕ್ಕೆ ಕಟ್ಟಬೇಕಾದವುಗಳಿಗೆ ಬೇಯಿಸುವ ಮುಂಚೆಯೇ ಸ್ಟ್ರಾದಿಂದ ತೂತು ಮಾಡಿ. ಬೆಂದ ಮೇಲೆ ಮಾಡಲು ಹೋದರೆ ಒಡೆಯುತ್ತದೆ.

ಒಂದೇ ಟ್ರೇಯಲ್ಲಿ ಒಂದೇ ಗಾತ್ರದವನ್ನಷ್ಟೇ ಇಡಿ. ಚಿಕ್ಕ ನಕ್ಷತ್ರ ಕರಿಯಾಗುವ ಹೊತ್ತಿಗೆ ದೊಡ್ಡ ಮರ ಇನ್ನೂ ಹಸಿಯಾಗಿರುತ್ತದೆ. ಓವನ್‌ನ ನಡುವಿನ ಅಂತಸ್ತಿನಲ್ಲಿ ಟ್ರೇ ಇಟ್ಟು 10ರಿಂದ 12 ನಿಮಿಷ ಬೇಯಿಸಿ, ಅರ್ಧ ದಾರಿಯಲ್ಲಿ ಟ್ರೇ ತಿರುಗಿಸಿ. ಅಂಚು ಹೊಂಬಣ್ಣಕ್ಕೆ ತಿರುಗಿ ನಡುಭಾಗ ಬಿಳಿಯಾಗಿಯೇ ಇದ್ದರೆ ಆಯಿತು. ಆಗ ಮುಟ್ಟಿದರೆ ಮೆತ್ತಗಿರುತ್ತದೆ, ಇನ್ನೂ ಬೇಯಲಿ ಎನ್ನಿಸುತ್ತದೆ. ಹಾಗೆ ಬಿಟ್ಟರೆ ಆರಿದ ಮೇಲೆ ಕಲ್ಲಾಗುತ್ತದೆ. ಟ್ರೇಯಲ್ಲೇ ಐದು ನಿಮಿಷ ಬಿಟ್ಟು, ಆಮೇಲೆ ಜಾಲರಿ ತಟ್ಟೆಗೆ ವರ್ಗಾಯಿಸಿ. ಮುಂದಿನ ಸರದಿಯ ಹಿಟ್ಟನ್ನು ಬಿಸಿ ಟ್ರೇ ಮೇಲೆ ಇಡಬಾರದು, ಒಲೆಗೆ ಹೋಗುವ ಮುಂಚೆಯೇ ಬೆಣ್ಣೆ ಕರಗುತ್ತದೆ. ಓವನ್ ಬಾಗಿಲು ದೊಡ್ಡವರದ್ದೇ. ಎಂಟು ದಾಟಿದ ಮಗುವಿಗೆ ಗಡಿಯಾರದ ಹೊಣೆ ಕೊಟ್ಟರೆ ಅದು ನಿಮಗಿಂತ ಕಟ್ಟುನಿಟ್ಟಾಗಿ ಕಾಯುತ್ತದೆ.

ಓವನ್ ಇಲ್ಲದವರು ದಪ್ಪ ತಳದ ಬಾಣಲೆ ಅಥವಾ ಕುಕ್ಕರ್ ಬಳಸಬಹುದು. ತಳಕ್ಕೆ ಪುಡಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆದಿರಬೇಕು. ಕುಕೀ ಇಟ್ಟ ತಟ್ಟೆಯನ್ನು ಒಳಗಿಳಿಸಿ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಬೇಯಿಸಿ. ಒಮ್ಮೆಗೆ ಆರೇಳು ಮಾತ್ರ ಹಿಡಿಸುತ್ತವೆ, ಮೇಲ್ಭಾಗ ಕೆಂಪಾಗುವುದಿಲ್ಲ. ಐಸಿಂಗ್ ಬರುವುದು ಅಲ್ಲಿಗೇ ಆದ್ದರಿಂದ ಅದೊಂದು ಕೊರತೆಯಲ್ಲ.

ದೊಡ್ಡ ಮಕ್ಕಳಿದ್ದರೆ ಗಾಜಿನ ಕಿಟಕಿಯ ಕುಕೀ ಮಾಡಿಸಿ. ದೊಡ್ಡ ನಕ್ಷತ್ರದ ನಡುವೆ ಚಿಕ್ಕ ಅಚ್ಚಿನಿಂದ ಕಿಟಕಿ ಕತ್ತರಿಸಿ, ಟ್ರೇಗೆ ಬೇಕಿಂಗ್ ಪೇಪರ್ ಹಾಸಿ ಇಡಿ. ಬಣ್ಣದ ಗಟ್ಟಿ ಮಿಠಾಯಿಯನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿ ಪುಡಿ ಮಾಡಿಟ್ಟುಕೊಳ್ಳಿ. ಕುಕೀ ಏಳೆಂಟು ನಿಮಿಷ ಬೆಂದ ಮೇಲೆ ಆ ಪುಡಿಯನ್ನು ಕಿಟಕಿಯೊಳಗೆ ತುಂಬಿ ಮತ್ತೆ ಮೂರು ನಾಲ್ಕು ನಿಮಿಷ ಒಳಗಿಡಿ. ಪುಡಿ ಕರಗಿ, ಗುಳ್ಳೆಯೆದ್ದು, ಕಿಟಕಿಯ ಮೂಲೆ ಮೂಲೆಗೂ ಹರಿದು ಸಮವಾಗುತ್ತದೆ. ಪೂರ್ತಿ ಆರಿದ ಮೇಲೆ ಕಾಗದದಿಂದ ಬಿಡಿಸಿ ಬೆಳಕಿಗೆ ಹಿಡಿದರೆ ಕೆಂಪು ಹಸಿರು ಹೊಳೆಯುತ್ತದೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಬಣ್ಣದ ಗಾಜುಗಳನ್ನು ಕಂಡ ಮಕ್ಕಳಿಗೆ ಇದು ಯಾವುದರ ನಕಲು ಎಂದು ಹೇಳಬೇಕಿಲ್ಲ. ಕರಗಿದ ಸಕ್ಕರೆ ಚರ್ಮಕ್ಕೆ ಅಂಟಿದರೆ ಆಳವಾಗಿ ಸುಡುತ್ತದೆ, ಆದ್ದರಿಂದ ತುಂಬುವ ಕೆಲಸ ದೊಡ್ಡವರದು, ಕುಟ್ಟುವ ಕೆಲಸ ಮಕ್ಕಳದು.

ಊಟವಾದ ಮೇಲೆ: ಐಸಿಂಗ್

ಪೇಟೆಯ ಚಿತ್ರಗಳಲ್ಲಿ ಕಾಣುವ ಗಟ್ಟಿ ಹೊಳಪಿನ ರಾಯಲ್ ಐಸಿಂಗ್‌ಗೆ ಹಸಿ ಮೊಟ್ಟೆಯ ಬಿಳಿ ಬೇಕು. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ತಿನ್ನುವ ಕುಕೀಗೆ ಹಸಿ ಮೊಟ್ಟೆ ಬೇಡವೆಂದೇ ನನ್ನ ಸಲಹೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಸಣ್ಣದಲ್ಲ. ಮೆರಿಂಗ್ ಪೌಡರ್ (ಒಣಗಿಸಿದ ಮೊಟ್ಟೆಯ ಬಿಳಿಯ ಪುಡಿ) ಸಿಕ್ಕರೆ ಅದನ್ನು ಬಳಸಿ. ಸಿಗದಿದ್ದರೂ ಚಿಂತೆಯಿಲ್ಲ: 300 ಗ್ರಾಂ ಐಸಿಂಗ್ ಸಕ್ಕರೆಗೆ ಒಂದು ಟೀ ಚಮಚ ನಿಂಬೆರಸ, ಸುಮಾರು ಮೂರು ದೊಡ್ಡ ಚಮಚ ನೀರು. ನೀರನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಮನೆಯಲ್ಲೇ ಸಕ್ಕರೆ ಬೀಸುವುದಾದರೆ 100 ಗ್ರಾಂಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಹಾಕಿ, ಅತಿ ಸಣ್ಣ ಜರಡಿಯಲ್ಲಿ ಎರಡು ಸಲ ಸೋಸಿ. ಒಂದು ಹರಳು ಉಳಿದರೂ ಐಸಿಂಗ್ ತುಂಬುವ ಕೋನ್‌ನ ತುದಿ ಕಟ್ಟಿಕೊಳ್ಳುತ್ತದೆ.

ಎರಡು ಹದ ಬೇಕು. ಗೆರೆ ಎಳೆಯಲು ಗಟ್ಟಿಯಾದದ್ದು, ಗೆರೆಯ ಒಳಗೆ ತುಂಬಲು ತೆಳುವಾದದ್ದು. ಚಮಚದಿಂದ ಎತ್ತಿ ಬಟ್ಟಲಿಗೇ ಸುರಿದಾಗ ಮೇಲೆ ಬಿದ್ದ ಎಳೆ ಹತ್ತರಿಂದ ಹದಿನೈದು ಎಣಿಸುವಷ್ಟರಲ್ಲಿ ಕರಗಿ ಸೇರಿಕೊಂಡರೆ ಅದು ತುಂಬುವ ಹದ. ಎಣಿಸುವ ಕೆಲಸ ಮಕ್ಕಳಿಗೆ. ಎಳೆ ಹಾಗೆಯೇ ನಿಂತರೆ ಅದು ಗೆರೆಯ ಹದ. ಮೊದಲು ಅಂಚಿಗೆ ಗೆರೆ ಎಳೆದು ಹತ್ತು ನಿಮಿಷ ಬಿಟ್ಟು, ನಂತರ ನಡುವೆ ತೆಳುವಾದದ್ದನ್ನು ಹಾಕಿ ಕಡ್ಡಿಯಿಂದ ಮೂಲೆಗಳಿಗೆ ತಳ್ಳಿದರೆ ಹೊರಗೆ ಹರಿಯುವುದಿಲ್ಲ.

ಪೈಪಿಂಗ್ ಚೀಲ ಕೊಳ್ಳಬೇಕಿಲ್ಲ. ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಮೆಹಂದಿ ಕೋನ್‌ನಂತೆ ಸುತ್ತಿ ಟೇಪ್ ಹಚ್ಚಿ, ಐಸಿಂಗ್ ತುಂಬಿ, ಮೇಲ್ಭಾಗ ಮಡಿಚಿ, ತುದಿಯನ್ನು ಕೂದಲೆಳೆಯಷ್ಟು ಕತ್ತರಿಸಿ. ಮದುವೆ ಮನೆಗಳಲ್ಲಿ ಮೆಹಂದಿ ಹಾಕುವುದನ್ನು ನೋಡಿದ ಮಕ್ಕಳಿಗೆ ಹಿಡಿಯುವ ರೀತಿ ಹೇಳಿಕೊಡುವ ಅಗತ್ಯವಿಲ್ಲ. ಐದರ ಒಳಗಿನವರಿಗೆ ಕೋನ್ ಬೇಡ. ಅವರಿಗೆ ಹೊಸ ಚಿತ್ರಕಲೆ ಕುಂಚ ಕೊಟ್ಟು ತೆಳು ಐಸಿಂಗ್ ಬಳಿಯಲು ಬಿಡಿ.

ಬಣ್ಣಕ್ಕೆ ಅಡುಗೆಮನೆಯೇ ಸಾಕು. ಬೀಟ್‌ರೂಟ್ ತುರಿದು ಹಿಂಡಿದ ಕೆಲವೇ ಹನಿಗೆ ಗಾಢ ಗುಲಾಬಿ ಬರುತ್ತದೆ, ನಿಂಬೆರಸ ಆ ಬಣ್ಣವನ್ನು ಹಿಡಿದಿಡುತ್ತದೆ. ಸೂಜಿಮೊನೆಯಷ್ಟು ಅರಿಸಿನಕ್ಕೆ ಹಳದಿ, ಪಾಲಕ್ ರಸಕ್ಕೆ ಎಳೆ ಹಸಿರು, ಕೋಕೋಗೆ ಕಂದು. ಸಾಂತಾನ ಅಂಗಿಯ ಅಚ್ಚ ಕೆಂಪು ಮಾತ್ರ ಇವುಗಳಿಂದ ಬರುವುದಿಲ್ಲ. ಅದೇ ಬೇಕೆಂದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತಿರುವ ತಿನ್ನುವ ಬಣ್ಣವನ್ನು ಹನಿ ಲೆಕ್ಕದಲ್ಲಿ ಬಳಸಿ. ರಸ ಹಾಕಿದಷ್ಟು ನೀರು ಕಡಿಮೆ ಮಾಡುವುದನ್ನು ಮರೆಯಬೇಡಿ.

ಮೇಲೆ ಉದುರಿಸಲು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಂಕ್ರಾಂತಿಯ ಕುಸುರೆಳ್ಳು. ಡಿಸೆಂಬರ್ ಕೊನೆಗೆ ಅಂಗಡಿಗಳಿಗೆ ಬರಲು ಶುರುವಾಗುವ ಆ ಬಿಳಿ, ಗುಲಾಬಿ, ಹಳದಿ ಕಾಳುಗಳು ಹಸಿ ಐಸಿಂಗ್ ಮೇಲೆ ಕೂತರೆ ಆಮದು ಮಾಡಿದ ಯಾವ ಮಣಿಯೂ ಅದರ ಮುಂದೆ ನಿಲ್ಲುವುದಿಲ್ಲ, ಕಚ್ಚಿದಾಗ ಎಳ್ಳಿನ ಪರಿಮಳ ಬೇರೆ. ಹಿಮಕ್ಕೆ ಒಣಕೊಬ್ಬರಿಯ ಸಣ್ಣ ತುರಿ, ಗುಂಡಿಗಳಿಗೆ ಟೂಟಿ ಫ್ರೂಟಿ. ಗಟ್ಟಿ ಬೆಳ್ಳಿಮಣಿಗಳು ಹಲ್ಲಿಗೆ ಕೆಟ್ಟವು, ಇಡಿಯಾದ ಗೋಡಂಬಿ ಬಾದಾಮಿ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು. ನಾಲ್ಕು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ಅವೆರಡೂ ಮೇಜಿನ ಮೇಲೆ ಇರಬಾರದು.

ಒಬ್ಬೊಬ್ಬರಿಗೂ ಅಂಚಿರುವ ಒಂದೊಂದು ಊಟದ ತಟ್ಟೆ ಕೊಡಿ. ಚೆಲ್ಲಿದ್ದು ಅದರೊಳಗೇ ಉಳಿಯುತ್ತದೆ, ಯಾರ ಕುಕೀ ಯಾರದೆಂಬ ತಕರಾರೂ ಇರುವುದಿಲ್ಲ. ಮೊದಲ ಎರಡು ಮೂರು ಕುಕೀಗೆ ಎಲ್ಲ ಬಣ್ಣ, ಎಲ್ಲ ಕಾಳು ಒಟ್ಟಿಗೇ ಬೀಳುತ್ತವೆ. ಬೀಳಲಿ. ಅಷ್ಟಾದ ಮೇಲೆ ಮಗು ತಾನಾಗಿಯೇ ಆಯ್ದು ಹಾಕತೊಡಗುತ್ತದೆ. ನಡುವೆ ಕೈ ಹಾಕಿ ತಿದ್ದಬೇಡಿ, ಅವರು ಎದ್ದು ಹೋದ ಮೇಲೆ ಗುಟ್ಟಾಗಿ ಸರಿಪಡಿಸುವುದಂತೂ ಕೂಡದು. ಮಕ್ಕಳಿಗೆ ತಮ್ಮ ಗೆರೆಯ ಗುರುತು ಸಿಗುತ್ತದೆ. ಅಚ್ಚುಕಟ್ಟಾದ ಕುಕೀ ನಿಮಗೆ ಬೇಕೆಂದರೆ ನಿಮ್ಮ ಪಾಲಿನ ಹತ್ತನ್ನು ಪಕ್ಕದಲ್ಲಿ ಕೂತು ನೀವೇ ಮಾಡಿ.

ಕಿಡಿಯೊ: ಮುಳ್ಳುಚಮಚದ ಕೆಲಸ

ಮಂಗಳೂರಿನ ಕ್ಯಾಥೋಲಿಕ್ ಮನೆಗಳಲ್ಲಿ ಕ್ರಿಸ್‌ಮಸ್ ತಿಂಡಿಗಳ ಬಳಗಕ್ಕೆ ಕುಸ್ವಾರ್ ಎನ್ನುತ್ತಾರೆ. ಅದರಲ್ಲಿ ಮಕ್ಕಳ ಕೈಗೆ ಹೇಳಿ ಮಾಡಿಸಿದ್ದು ಕಿಡಿಯೊ, ಬೇರೆ ಕಡೆ ಕಲ್‌ಕಲ್ ಎನ್ನುವುದು ಇದನ್ನೇ. ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು ಉರುಳಿಸುವ ತಿಂಡಿ ಇದು, ಓವನ್ ಬೇಕಿಲ್ಲ. ಕಾಲು ಕಿಲೋ ಮೈದಾಗೆ ಒಂದು ದೊಡ್ಡ ಚಮಚ ಬಿಸಿ ತುಪ್ಪ, ಎರಡು ದೊಡ್ಡ ಚಮಚ ಸಕ್ಕರೆ ಪುಡಿ, ಚಿಟಿಕೆ ಉಪ್ಪು, ಕಲೆಸಲು ಬೇಕಾಗುವಷ್ಟು ದಪ್ಪ ತೆಂಗಿನ ಹಾಲು. ಈ ಹಿಟ್ಟನ್ನು ನಾದಬಹುದು, ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ.

ಅಡಿಕೆಗಿಂತ ಚಿಕ್ಕ ಉಂಡೆ ತೆಗೆದು, ಎಣ್ಣೆ ಸವರಿದ ಮುಳ್ಳುಚಮಚದ ಬೆನ್ನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ. ಆಮೇಲೆ ಹಲ್ಲುಗಳ ತುದಿಯಿಂದ ಹಿಡಿಯ ಕಡೆಗೆ ಸುರುಳಿ ಸುತ್ತಿಕೊಂಡು ಬಿಡಿಸಿದರೆ ಹೊರಮೈ ತುಂಬ ಗೆರೆಗಳಿರುವ ಪುಟ್ಟ ಸುರುಳಿ ಸಿಗುತ್ತದೆ. ಹೊಸ ಬಾಚಣಿಗೆಯಿಂದಲೂ ಮಾಡುತ್ತಾರೆ, ಗೆರೆ ಇನ್ನೂ ಸಣ್ಣದಾಗಿ ಮೂಡುತ್ತದೆ. ಅಂಚನ್ನು ಚೆನ್ನಾಗಿ ಒತ್ತದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಮಧ್ಯಮಕ್ಕಿಂತ ಕಡಿಮೆ ಉರಿಯಲ್ಲಿ ಹೊಂಬಣ್ಣಕ್ಕೆ ಕರಿದು, ಗಟ್ಟಿ ಸಕ್ಕರೆ ಪಾಕದಲ್ಲಿ ಹೊರಳಿಸಿ, ಪಾಕ ಬಿಳಿಯಾಗಿ ಅಂಟುವವರೆಗೆ ಕೈಯಾಡಿಸಿ. ಕರಿಯುವಾಗ ಮಕ್ಕಳು ಒಲೆಯ ಹತ್ತಿರ ಇರಬಾರದು.

ಇಡುವುದು, ಹಂಚುವುದು

ಐಸಿಂಗ್ ಹಾಕಿದ ಕುಕೀಗಳು ಒಣಗಲು ಎಂಟು ಹತ್ತು ಗಂಟೆ ಬೇಕು. ಇರುವೆ ಬಾರದಂತೆ ಎತ್ತರದಲ್ಲಿ, ಕರಾವಳಿಯಲ್ಲಾದರೆ ಫ್ಯಾನ್ ಕೆಳಗೆ, ರಾತ್ರಿಯಿಡೀ ಹರಡಿಡಿ. ಫ್ರಿಜ್‌ನಲ್ಲಿಟ್ಟರೆ ತೇವ ಕೂತು ಬಣ್ಣ ಒಂದರೊಳಗೊಂದು ಇಳಿಯುತ್ತದೆ. ಬೆಳಿಗ್ಗೆ ಗಾಳಿಯಾಡದ ಡಬ್ಬಿಯಲ್ಲಿ, ಪ್ರತಿ ಸಾಲಿನ ನಡುವೆ ಬಟರ್ ಪೇಪರ್ ಹಾಕಿ ಜೋಡಿಸಿ. ಎರಡು ವಾರ ಚೆನ್ನಾಗಿರುತ್ತದೆ. ಕಿಡಿಯೊವನ್ನು ಬೇರೆ ಡಬ್ಬಿಯಲ್ಲಿಡಿ.

ನೆರೆಹೊರೆಗೆ ತಟ್ಟೆ ಕಳಿಸುವಾಗ ಮೊಟ್ಟೆ ಹಾಕಿದ್ದನ್ನು ಮತ್ತು ಹಾಕದ್ದನ್ನು ಬೆರೆಸಬೇಡಿ. ಮೊಟ್ಟೆ ತಿನ್ನದ ಮನೆಗೆ ಹೋಗುವ ಕುಕೀಯನ್ನು ಬೇರೆ ಟ್ರೇಯಲ್ಲಿ ಮೊದಲೇ ಬೇಯಿಸಿ, ಬೇರೆ ಡಬ್ಬಿಯಲ್ಲಿ ಇಟ್ಟಿರಬೇಕು. ಪ್ರತಿ ಡಬ್ಬಿಯ ಮೇಲೂ ಒಂದು ಚೀಟಿ ಅಂಟಿಸಿ: ಮೊಟ್ಟೆ ಇದೆಯೋ ಇಲ್ಲವೋ, ಗೋಡಂಬಿ, ಬಾದಾಮಿ, ಎಳ್ಳು ಇದೆಯೋ ಇಲ್ಲವೋ, ಮಾಡಿದ ದಿನ ಯಾವುದು. ಚೀಟಿಯನ್ನು ಬರೆಯಲು ಬಂದ ಮಗುವೇ ಬರೆಯಲಿ.